ಉಪ್ಪಿನ ಹರಳು ಪುಡಿಯಾಗುತ್ತದೆ, ತಾಮ್ರ ಚಪ್ಪಟೆಯಾಗುತ್ತದೆ, ಯಾಕೆ? ಹತ್ತನೇ ತರಗತಿ ಹುಡುಗನ ಪ್ರಶ್ನೆ

ಹೈಸ್ಕೂಲ್ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಗೆ ಲೋಹಗಳು ಮತ್ತು ಅಲೋಹಗಳು ಪಾಠ ಮಾಡುತ್ತಿದ್ದೇನೆ. ಅಯಾನಿಕ ಸಂಯುಕ್ತಗಳು, ಅಂದರೆ ಉಪ್ಪಿನ ಹಾಗೆ ಧನ, ಋಣ ವಿದ್ಯುತ್ ಹೊತ್ತ ಅಯಾನುಗಳಿಂದ ಆದ ವಸ್ತುಗಳು, ಗಟ್ಟಿ, ಆದರೆ ಪೆಡಸು, ಒತ್ತಡ ಹಾಕಿದರೆ ಚೂರಾಗುತ್ತವೆ ಅಂತ ಪುಸ್ತಕದಲ್ಲಿ ಬರುತ್ತದೆ. ಸುಮ್ನೆ ಓದಿಸಿ ಮುಂದೆ ಹೋಗುವುದಕ್ಕೆ ಮನಸ್ಸಾಗಲಿಲ್ಲ. ಒಂದು ದಪ್ಪ ಕಲ್ಲುಪ್ಪಿನ ಹರಳು, ಒಂದು ತುಂಡು ತಾಮ್ರದ ತಂತಿ, ಒಂದು ಸುತ್ತಿಗೆ ಕ್ಲಾಸಿಗೆ ತೆಗೆದುಕೊಂಡು ಹೋದೆ. ಹರಳನ್ನು ಬಟ್ಟೆಯಲ್ಲಿ ಸುತ್ತಿ ಹೊಡೆದರೆ ಪುಡಿ. ತಂತಿಗೆ ಹೊಡೆದರೆ ಚಪ್ಪಟೆ.

ಆಮೇಲೆ ಬೋರ್ಡಿನ ಮೇಲೆ ಎಲ್ಲರೂ ಬರೆಯುವ ಚಿತ್ರವನ್ನೇ ಬರೆದೆ. ಧನ, ಋಣ, ಧನ, ಋಣ ಅಂತ ಸಾಲು. ಮೇಲಿನ ಸಾಲನ್ನು ಒಂದು ಹೆಜ್ಜೆ ಜರುಗಿಸಿದರೆ ಧನದ ಎದುರು ಧನ, ಋಣದ ಎದುರು ಋಣ. ಎರಡೂ ತಳ್ಳಿಕೊಂಡು ಹರಳು ಸೀಳುತ್ತದೆ ಅಂದೆ.

ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಮೇಡಂ, ಇನ್ನೊಂದು ಹೆಜ್ಜೆ ಜರುಗಿದರೆ ಮತ್ತೆ ಧನದ ಎದುರು ಋಣ ಬರುತ್ತಲ್ವಾ? ಅಲ್ಲಿ ಯಾಕೆ ಅಂಟಿಕೊಳ್ಳಲ್ಲ?"

ನಾಳೆ ಹೇಳುತ್ತೇನೆ ಅಂದಿದ್ದೇನೆ. ಅವನಿಗೆ ಹಾರಿಕೆ ಉತ್ತರ ಕೊಡುವುದಕ್ಕೆ ಇಷ್ಟವಿಲ್ಲ. ತಿಳಿದವರು ಹೇಳಿ.

ಪಿಯು ವಿದ್ಯಾರ್ಥಿ, ತುಮಕೂರು

ಮೇಡಂ, ನನಗೆ ಅನ್ನಿಸುವುದು ಅಯಾನಿಕ ಬಂಧ ಲೋಹದ ಬಂಧಕ್ಕಿಂತ ಸಡಿಲ ಇರಬೇಕು. ಉಪ್ಪು ನೀರಿಗೆ ಹಾಕಿದರೇ ಕರಗಿಬಿಡುತ್ತದೆ. ಅದಕ್ಕೇ ಒಡೆಯುವುದೂ ಸುಲಭ.

ಕೆಮಿಸ್ಟ್ರಿ ಉಪನ್ಯಾಸಕ

ಇಲ್ಲಪ್ಪ, ಹಾಗಲ್ಲ. ಇದು ತುಂಬ ಜನಕ್ಕೆ ಬರುವ ಯೋಚನೆ, ಅದಕ್ಕೇ ಇಲ್ಲೇ ಸರಿ ಮಾಡಿಕೊಳ್ಳೋಣ. ಅಡುಗೆ ಉಪ್ಪು ಕರಗಿ ದ್ರವವಾಗುವುದು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸೀಸ 327 ಡಿಗ್ರಿಗೇ ಕರಗುತ್ತದೆ, ತವರ 232ಕ್ಕೆ. ಬಂಧ ಸಡಿಲ ಇರುವುದು ಒಡೆಯುವುದಕ್ಕೆ ಕಾರಣ ಆಗಿದ್ದರೆ ಸೀಸ ಮೊದಲು ಪುಡಿಯಾಗಬೇಕಿತ್ತು. ಆದರೆ ಸೀಸದ ತಗಡನ್ನು ಕೈಯಲ್ಲೇ ಮಡಿಸಬಹುದು. ಒಂದು ಮೋಲ್, ಅಂದರೆ ಸುಮಾರು 58 ಗ್ರಾಂ ಉಪ್ಪಿನ ಅಯಾನುಗಳನ್ನು ಪೂರ್ತಿ ಬಿಡಿಬಿಡಿ ಮಾಡಿ ದೂರ ಒಯ್ಯಲು ಸುಮಾರು 787 ಕಿಲೋಜೂಲ್ ಬೇಕು. ಕಮ್ಮಿ ಏನಲ್ಲ.

ನೀರಿನಲ್ಲಿ ಕರಗುವುದು ಬೇರೆ ಕಥೆ. ಅಲ್ಲಿ ನೀರಿನ ಅಣುಗಳು ಒಂದೊಂದು ಅಯಾನನ್ನೂ ಸುತ್ತುವರಿದು, ಹರಳು ಕೊಡುತ್ತಿದ್ದ ಆಸರೆಯನ್ನು ತಾವು ಕೊಡುತ್ತವೆ. ಸುತ್ತಿಗೆ ಅಂಥ ಆಸರೆ ಏನೂ ಕೊಡುವುದಿಲ್ಲ.

ಮೇಡಂ, ನಿಮ್ಮ ಚಿತ್ರ ಸರಿಯಾಗೇ ಇದೆ. ಲೋಹದಲ್ಲಿ ಎಲ್ಲ ಪರಮಾಣುವೂ ಒಂದೇ ಜಾತಿ, ಸುತ್ತ ಎಲೆಕ್ಟ್ರಾನುಗಳು ಎಲ್ಲರಿಗೂ ಸೇರಿದವು. ಪದರ ಎಷ್ಟು ಜರುಗಿದರೂ ಪಕ್ಕದವನು ಹಳಬನಂತೆಯೇ. ಉಪ್ಪಿನಲ್ಲಿ ಹಾಗಿಲ್ಲ. ಒಂದೊಂದು ಸೋಡಿಯಂ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡ್ ಸುತ್ತ ಆರು ಸೋಡಿಯಂ. ಯಾರ ಪಕ್ಕ ಯಾರು ಅನ್ನುವುದು ಇಲ್ಲಿ ಮುಖ್ಯ. ಈ ಜೋಡಣೆಯನ್ನು ಎಕ್ಸ್‌ರೇ ಹಾಯಿಸಿ ಮೊದಲು ಬಿಡಿಸಿದವರು ಲಾರೆನ್ಸ್ ಬ್ರ್ಯಾಗ್, 1913ರಲ್ಲಿ. 1915ರಲ್ಲಿ ಅವರಿಗೂ ಅವರ ತಂದೆಗೂ ಒಟ್ಟಿಗೆ ನೊಬೆಲ್ ಬಂತು. ಆಗ ಮಗ ಲಾರೆನ್ಸ್‌ಗೆ ಬರೀ 25.

ಹೈಸ್ಕೂಲ್ ವಿಜ್ಞಾನ ಶಿಕ್ಷಕಿ

ಸರ್, ಧನ್ಯವಾದ. ಆದರೆ ಹುಡುಗನ ಪ್ರಶ್ನೆ ಹಾಗೇ ಉಳಿಯಿತಲ್ಲ. ಎರಡನೇ ಹೆಜ್ಜೆಯಲ್ಲಿ ಮತ್ತೆ ಸರಿಹೋಗುವುದಾದರೆ, ನಡುವಿನ ಆ ಒಂದು ಹೆಜ್ಜೆಯನ್ನು ಹರಳು ಯಾಕೆ ದಾಟಲಾರದು?

ಲೋಹಶಾಸ್ತ್ರ ಓದಿದವನು

ಮೇಡಂ, ಆ ಹುಡುಗನಿಗೆ ನನ್ನ ಕಡೆಯಿಂದ ಒಂದು ಶಭಾಷ್ ಹೇಳಿ. ಅವನು ಕೇಳಿದ್ದು ಈ ವಿಷಯದ ನಡುಮಧ್ಯದ ಪ್ರಶ್ನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮನೆಯಲ್ಲಿ ಹುಣಸೆಬೀಜ, ಅವರೆಕಾಳು ಇದ್ದರೆ ತೆಗೆದುಕೊಳ್ಳಿ. ಹುಣಸೆಬೀಜ ಸೋಡಿಯಂ, ಅವರೆಕಾಳು ಕ್ಲೋರೈಡ್. ಮೇಜಿನ ಮೇಲೆ ಚದುರಂಗದ ಮನೆಗಳ ಹಾಗೆ ಜೋಡಿಸಿ: ಬೀಜ, ಕಾಳು, ಬೀಜ, ಕಾಳು. ಮುಂದಿನ ಸಾಲು ಕಾಳಿನಿಂದ ಶುರು. ಎಂಟು ಸಾಲಾದರೆ ಸಾಕು. ಈಗ ಒಂದು ಸ್ಕೇಲ್ ಇಟ್ಟು ಮೇಲಿನ ನಾಲ್ಕು ಸಾಲನ್ನು ಪಕ್ಕಕ್ಕೆ ಒಂದು ಹೆಜ್ಜೆ ತಳ್ಳಿ. ಬೀಜದ ಎದುರು ಬೀಜ ಬಂತು. ಇದು ನೀವು ಬೋರ್ಡಿನ ಮೇಲೆ ಬರೆದ ಚಿತ್ರ. ಇಲ್ಲಿಂದ ಇನ್ನೊಂದು ಹೆಜ್ಜೆ ಹೋದರೆ ಸರಿಹೋಗುತ್ತದೆ, ನಿಜ. ಆದರೆ ಈ ಜಾಗದಲ್ಲಿ ಎರಡು ಪದರಗಳ ನಡುವೆ ಹಿಡಿದುಕೊಳ್ಳುವ ಬಲವೇ ಇಲ್ಲ, ತಳ್ಳುವ ಬಲ ಮಾತ್ರ. ನದಿ ದಾಟುವಾಗ ನಡುನೀರಿನಲ್ಲಿ ಕೈ ಬಿಟ್ಟಂತೆ. ಆಚೆ ದಡ ಇದೆ ಅನ್ನುವುದು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹುಡುಗನಿಗೆ ಮೊದಲ ಉತ್ತರ ಇದು.

ಈಗ ಎರಡನೆಯದು. ಬೀಜಗಳನ್ನು ಮತ್ತೆ ಮೊದಲಿನ ಹಾಗೆ ಜೋಡಿಸಿ, ಮೇಜಿನ ಮೂಲೆಗೆ ಹೋಗಿ ನಿಂತು ಓರೆಯಾಗಿ ನೋಡಿ. ಓರೆ ಸಾಲುಗಳು ಕಾಣುತ್ತವೆ. ಒಂದು ಸಾಲು ಪೂರ್ತಿ ಹುಣಸೆಬೀಜ, ಪಕ್ಕದ ಸಾಲು ಪೂರ್ತಿ ಅವರೆಕಾಳು. ಈಗ ಆ ಓರೆ ದಿಕ್ಕಿನಲ್ಲಿ ತಳ್ಳಿ. ಬೀಜದ ಸಾಲು ಕಾಳಿನ ಸಾಲನ್ನು ಸವರಿಕೊಂಡು ಹೋಗುತ್ತದೆ. ಎಷ್ಟು ದೂರ ತಳ್ಳಿದರೂ ಬೀಜದ ಪಕ್ಕ ಕಾಳೇ. ಒಂದೇ ಜಾತಿಯವು ಎದುರುಬದುರು ಬರುವುದೇ ಇಲ್ಲ!

ನಿಜವಾದ ಉಪ್ಪಿನ ಹರಳು ಜಾರುವುದು ಈ ಓರೆ ದಾರಿಯಲ್ಲಿ. ನೇರ ದಾರಿ ಮುಚ್ಚಿದೆ ಅಂತ ಅದಕ್ಕೂ ಗೊತ್ತು ಅನ್ನುವ ಹಾಗೆ. ಪುಸ್ತಕದ ಚಿತ್ರ ಮುಚ್ಚಿದ ಬಾಗಿಲನ್ನು ತೋರಿಸುತ್ತದೆ, ಪಕ್ಕದಲ್ಲಿ ತೆರೆದಿರುವ ಕಿಟಕಿಯನ್ನು ತೋರಿಸುವುದಿಲ್ಲ.

ಇನ್ನೂ ಒಂದು. ಇಡೀ ಪದರ ಒಟ್ಟಿಗೆ ಜಾರುವುದು ಲೋಹದಲ್ಲೂ ಇಲ್ಲ, ಉಪ್ಪಿನಲ್ಲೂ ಇಲ್ಲ. ದೊಡ್ಡ ಜಮಖಾನವನ್ನು ಎಳೆಯುವುದು ಕಷ್ಟ. ಒಂದು ಬದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಕಾಲಲ್ಲಿ ಒತ್ತುತ್ತಾ ಆಚೆ ಬದಿಗೆ ಒಯ್ದರೆ ಜಮಖಾನ ಅಷ್ಟು ಮುಂದೆ ಬಂದಿರುತ್ತದೆ. ಹರಳಿನೊಳಗೂ ಇಂಥ ಸುಕ್ಕುಗಳಿರುತ್ತವೆ. ಅದಕ್ಕೆ ಡಿಸ್‌ಲೊಕೇಶನ್ ಅನ್ನುತ್ತಾರೆ. 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಮೂವರೂ ಬೇರೆಬೇರೆಯಾಗಿ ಇದನ್ನು ಹೇಳಿದರು. ಉಪ್ಪಿನ ಬಂಧುವಾದ ಲಿಥಿಯಂ ಫ್ಲೋರೈಡ್ ಹರಳಿನಲ್ಲಿ ಈ ಸುಕ್ಕುಗಳು ಓಡಾಡಿದ ಜಾಡನ್ನು ಆಸಿಡ್ಡಿನಿಂದ ಕೊರೆದು, ಮೈಕ್ರೋಸ್ಕೋಪಿನಲ್ಲಿ ಗುಂಡಿಗಳಾಗಿ ನೋಡಿದ್ದಾರೆ. ಗಿಲ್ಮನ್ ಮತ್ತು ಜಾನ್‌ಸ್ಟನ್ 1950ರ ದಶಕದ ಕೊನೆಯಲ್ಲಿ ಮಾಡಿದ ಕೆಲಸ.

ಹಾಗಾದರೆ ಉಪ್ಪಿಗೂ ದಾರಿ ಇದೆ, ಸುಕ್ಕೂ ಇದೆ. ಮತ್ತೆ ಯಾಕೆ ಒಡೆಯುತ್ತದೆ? ದಾರಿಗಳು ಸಾಲುವುದಿಲ್ಲ. ಒಂದು ವಸ್ತು ಒಡೆಯದೆ ಯಾವ ಆಕಾರಕ್ಕೆ ಬೇಕಾದರೂ ಬದಲಾಗಬೇಕಾದರೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಜಾರುದಾರಿ ಬೇಕು. ಫಾನ್ ಮೀಸೆಸ್ 1928ರಲ್ಲಿ ಹಾಕಿದ ಲೆಕ್ಕ. ತಾಮ್ರ, ಚಿನ್ನ, ಅಲ್ಯೂಮಿನಿಯಂನಲ್ಲಿ ಹನ್ನೆರಡು ಜಾರುದಾರಿ, ಅದರಲ್ಲಿ ಐದು ಸ್ವತಂತ್ರ. ಉಪ್ಪಿನಲ್ಲಿ ಓರೆ ದಾರಿ ಆರು, ಆದರೆ ಸ್ವತಂತ್ರವಾದವು ಎರಡೇ.

ಇದರ ಪರಿಣಾಮ ಏನು ನೋಡಿ. ಉಪ್ಪಿನ ಹರಳು ಒಂದು ಘನ ಅಲ್ಲವಾ? ಅದರ ಮುಖಕ್ಕೆ ನೇರವಾಗಿ ಒತ್ತಿದರೆ ಓರೆ ದಾರಿಗಳು ಕೆಲಸ ಮಾಡುತ್ತವೆ, ಸ್ವಲ್ಪ ಜಾರುತ್ತದೆ. ಒಂದು ಮೂಲೆಯಿಂದ ಹೊಟ್ಟೆಯೊಳಗಿಂದ ಹಾದು ಎದುರು ಮೂಲೆಗೆ ಹೋಗುವ ದಿಕ್ಕಿನಲ್ಲಿ ಒತ್ತಿದರೆ, ಆರು ದಾರಿಗಳಲ್ಲಿ ಒಂದರ ಮೇಲೂ ಜಾರಿಸುವ ಬಲ ಬೀಳುವುದಿಲ್ಲ. ಲೆಕ್ಕದಲ್ಲಿ ಪೂರ್ತಿ ಸೊನ್ನೆ ಬರುತ್ತದೆ. ನಿಮ್ಮ ಕಲ್ಲುಪ್ಪಿನಲ್ಲಿ ನೂರಾರು ಚಿಕ್ಕ ಹರಳುಗಳು ಬೇರೆಬೇರೆ ದಿಕ್ಕಿಗೆ ತಿರುಗಿಕೊಂಡು ಅಂಟಿರುತ್ತವೆ. ಒಂದು ಜಾರಲು ಹೊರಟರೆ ಪಕ್ಕದ್ದು ಜಾರಲಾರದು. ನಡುವೆ ಸಂದು ಬಿಡುತ್ತದೆ. ಆ ಸಂದೇ ಬಿರುಕು.

ಕೆಮಿಸ್ಟ್ರಿ ಉಪನ್ಯಾಸಕ

ಓರೆ ಸಾಲಿನ ವಿಷಯ ಚೆನ್ನಾಗಿ ಹೇಳಿದಿರಿ. ಆದರೆ ಒಂದು ಮಾತು. ಹದಿನೈದು ವರ್ಷದ ಮಕ್ಕಳಿಗೆ ಸ್ವತಂತ್ರ ಜಾರುದಾರಿ, ಡಿಸ್‌ಲೊಕೇಶನ್ ಎಲ್ಲ ಹೇಳಿದರೆ ತಲೆಗೆ ಹೋಗುತ್ತದಾ? ಪುಸ್ತಕದ ಚಿತ್ರ ತಪ್ಪು ಅಂತ ಮಕ್ಕಳ ಮನಸ್ಸಿನಲ್ಲಿ ಕೂತರೆ ಅದೂ ಕಷ್ಟ. ಪರೀಕ್ಷೆಯಲ್ಲಿ ಅವರು ಬರೆಯಬೇಕಾದ್ದು ಅದನ್ನೇ.

ಲೋಹಶಾಸ್ತ್ರ ಓದಿದವನು

ಸರ್, ಚಿತ್ರ ತಪ್ಪು ಅಂತ ನಾನು ಹೇಳುವುದಿಲ್ಲ. ನೇರ ದಾರಿ ಯಾಕೆ ಮುಚ್ಚಿದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ಇಲ್ಲ. ಲೋಹಕ್ಕೆ ಅಷ್ಟು ದಾರಿ ಯಾಕೆ, ಉಪ್ಪಿಗೆ ಇಷ್ಟೇ ಯಾಕೆ ಅಂದರೂ ಉತ್ತರ ಅದೇ ಚಿತ್ರದಲ್ಲಿದೆ. ಆದರೆ ಒಬ್ಬ ಹುಡುಗ ತಾನೇ ಯೋಚಿಸಿ ಮುಂದಿನ ಪ್ರಶ್ನೆ ಕೇಳಿದ ಮೇಲೆ ಅವನನ್ನು ಅಲ್ಲೇ ನಿಲ್ಲಿಸಬಾರದು. ಬೀಜ, ಕಾಳು ಜೋಡಿಸಲು ಹತ್ತು ನಿಮಿಷ ಸಾಕು. ಐದು, ಎರಡು ಅನ್ನುವ ಲೆಕ್ಕ ಬೇಡವಾದರೆ ಬಿಡಿ. "ತಾಮ್ರಕ್ಕೆ ಜಾರಲು ತುಂಬ ದಾರಿ, ಉಪ್ಪಿಗೆ ಕಮ್ಮಿ" ಅಂದರೆ ಆಯಿತು.

ಟೈಲ್ಸ್ ಕೆಲಸದವನು, ಹುಬ್ಬಳ್ಳಿ

ನಾನು ಕಾಲೇಜು ಮೆಟ್ಟಿಲು ಹತ್ತಿದವನಲ್ಲ, ಆದರೂ ಒಂದು ಮಾತು ಹೇಳುತ್ತೇನೆ. ಹದಿನಾಲ್ಕು ವರ್ಷದಿಂದ ಟೈಲ್ಸ್ ಹಾಕುತ್ತಿದ್ದೇನೆ. ಟೈಲ್ಸ್ ಕೂಡ ಇದೇ ಜಾತಿ, ಬಾಗುವುದಿಲ್ಲ, ಒಡೆಯುತ್ತದೆ. ನಾವು ಅದನ್ನು ಕೊಯ್ಯುವುದೇ ಇಲ್ಲ, ಒಡೆಸುತ್ತೇವೆ. ಕಟ್ಟರ್‌ನ ಚಿಕ್ಕ ಚಕ್ರವನ್ನು ಮೇಲ್ಮೈ ಮೇಲೆ ಒಂದು ಸಲ, ಒಂದೇ ಸಲ, ಒಂದೇ ಒತ್ತಿನಲ್ಲಿ ಓಡಿಸಬೇಕು. ಸರ್ರ್ ಅಂತ ಒಂದೇ ಸದ್ದು ಬರಬೇಕು. ಬಿಳಿ ಕೂದಲಿನಷ್ಟು ಸಣ್ಣ ಗೆರೆ ಬೀಳುತ್ತದೆ. ಆಮೇಲೆ ಹಿಡಿಯನ್ನು ಮೆಲ್ಲಗೆ ಕೆಳಗೆ ಒತ್ತಿದರೆ ಟಕ್ ಅಂತ ಗೆರೆ ಗುಂಟ ಎರಡು ಹೋಳು. ಹತ್ತು ಮಿಲಿಮೀಟರ್ ದಪ್ಪದ ಟೈಲ್ಸ್‌ಗೆ ಗೆರೆಯ ಆಳ ಏನೂ ಇಲ್ಲ. ಆದರೂ ಅದು ಹೇಳಿದ ಕಡೆಗೇ ಒಡೆಯುತ್ತದೆ.

ಕಲಿಯುವಾಗ ಗೆರೆ ಸರಿ ಬಿದ್ದಿಲ್ಲ ಅಂತ ಎರಡನೇ ಸಲ ಚಕ್ರ ಓಡಿಸಿದ್ದೆ. ಅಂಚು ಚಕ್ಕೆ ಎದ್ದು, ಒಡೆಯುವಾಗ ಗೆರೆ ಬಿಟ್ಟು ಸೊಟ್ಟಗೆ ಹೋಯಿತು. ಗೆರೆ ಎರಡಾದರೆ ಅದಕ್ಕೆ ಎಲ್ಲಿಗೆ ಹೋಗಬೇಕು ಅಂತ ತಿಳಿಯುವುದಿಲ್ಲ ಅಂತ ನಮ್ಮ ಮೇಸ್ತ್ರಿ ಹೇಳಿದ್ದರು.

ಲೋಹಶಾಸ್ತ್ರ ಓದಿದವನು

ಅಣ್ಣಾ, ನೀವು ಬರೆದಿದ್ದು ನನ್ನ ಉತ್ತರದಲ್ಲಿ ಬಿಟ್ಟುಹೋಗಿದ್ದ ಅರ್ಧ. ಆ ಕೂದಲಿನಂಥ ಗೆರೆಯೇ ಈ ಕಥೆಯಲ್ಲಿ ಮುಖ್ಯ.

1921ರಲ್ಲಿ ಗ್ರಿಫಿತ್ ಅನ್ನುವ ಇಂಗ್ಲೆಂಡಿನ ಎಂಜಿನಿಯರ್ ಗಾಜಿನ ಮೇಲೆ ಕೆಲಸ ಮಾಡಿ ಒಂದು ವಿಷಯ ತೋರಿಸಿದರು. ಬಂಧಗಳ ಬಲ ಲೆಕ್ಕ ಹಾಕಿದರೆ ಗಾಜು ಎಷ್ಟೋ ತಡೆಯಬೇಕು. ನಿಜದಲ್ಲಿ ಅದರ ನೂರರಲ್ಲೊಂದು ಪಾಲಿನ ಆಸುಪಾಸಿಗೇ ಒಡೆಯುತ್ತದೆ. ಕಾರಣ, ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳು. ಎಳೆದಾಗ ಬಲವೆಲ್ಲ ಬಿರುಕಿನ ತುದಿಯಲ್ಲಿ ಬಂದು ಸೇರುತ್ತದೆ. ಲೋಹದಲ್ಲಾದರೆ ಆ ತುದಿಯಲ್ಲಿ ಪದರಗಳು ಜಾರಿ, ಬಿರುಕಿನ ಮೊನೆ ಮೊಂಡಾಗಿಬಿಡುತ್ತದೆ. ಉಪ್ಪು, ಗಾಜು, ಟೈಲ್ಸ್‌ನಲ್ಲಿ ಜಾರಿ ಮೊಂಡಾಗುವ ಅನುಕೂಲ ಇಲ್ಲ. ಮೊನೆ ಚೂಪಾಗಿಯೇ ಉಳಿದು ಮುಂದೆ ಓಡುತ್ತದೆ.

ಮೇಡಂ, ಇದನ್ನು ತೋರಿಸಲು ನಿಮ್ಮ ಕೈಯಲ್ಲೇ ಸಾಮಾನು ಇದೆ. ಹೊಸ ಸೀಮೆಸುಣ್ಣ ಒಂದನ್ನು ಎರಡೂ ತುದಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ. ಬಗ್ಗಿಸಬೇಡಿ, ತಿರುಚಬೇಕು ಅಷ್ಟೇ. ಅಡ್ಡಕ್ಕೆ ಸಪಾಟಾಗಿ ಮುರಿಯುವುದಿಲ್ಲ. 45 ಡಿಗ್ರಿ ಓರೆಯಲ್ಲಿ, ತಿರುಪಿನ ಹಾಗೆ ಸುತ್ತಿಕೊಂಡು ಮುರಿಯುತ್ತದೆ. ತಿರುಚಿದಾಗ ಎಳೆತ ಅತಿ ಜಾಸ್ತಿ ಆಗುವುದು ಆ ಓರೆ ದಿಕ್ಕಿನಲ್ಲಿ. ಮೆದು ಕಬ್ಬಿಣದ ಸರಳನ್ನು ತಿರುಚಿ ತಿರುಚಿ ಮುರಿದರೆ ಸಪಾಟಾಗಿ ಅಡ್ಡಕ್ಕೆ ತುಂಡಾಗುತ್ತದೆ, ಯಾಕಂದರೆ ಅದು ಜಾರಿ ಮುರಿಯುವುದು. ಸೀಮೆಸುಣ್ಣ ಎಳೆತಕ್ಕೆ ಮುರಿಯುವುದು. ಮುರಿದ ಎರಡೂ ತುಂಡನ್ನು ಮಕ್ಕಳ ಕೈಗೆ ಕೊಡಿ.

ಉಪ್ಪಿನ ಮೇಲೇ ಮಾಡಿದ ಪ್ರಯೋಗವೂ ಇದೆ. ರಷ್ಯಾದ ಅಬ್ರಾಮ್ ಯೋಫೆ ಮತ್ತು ಜೊತೆಗಾರರು 1924ರಲ್ಲಿ ಪ್ರಕಟಿಸಿದ್ದು. ಒಣಗಿದ ಉಪ್ಪಿನ ಹರಳಿನ ಕಡ್ಡಿ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಅದೇ ಕಡ್ಡಿಯನ್ನು ಬಿಸಿನೀರಿನಲ್ಲಿ ಮುಳುಗಿಸಿ ಬಗ್ಗಿಸಿದರೆ ಬಾಗುತ್ತದೆ. ಎಳೆದರೆ ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಬಲ ತಡೆಯುತ್ತದೆ. ನೀರು ಮೇಲ್ಮೈಯನ್ನು ಕರಗಿಸುತ್ತಾ ಸೀಳುಗಳನ್ನು ಅಳಿಸಿಹಾಕುತ್ತದೆ. ಬಿರುಕು ಶುರುವಾಗಲು ಜಾಗ ಇಲ್ಲದಿದ್ದಾಗ ಓರೆ ದಾರಿಗಳಿಗೆ ಕೆಲಸ ಮಾಡಲು ಸಮಯ ಸಿಗುತ್ತದೆ.

ಕುಮಟಾದವಳು

ನಮ್ಮೂರು ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಹತ್ತಿರ. ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಗದ್ದೆಯ ಅಂಚಿನಲ್ಲಿ ಕೂತು ನೋಡುತ್ತಿದ್ದೆ. ಬಿಸಿಲು ಏರಿದಾಗ ಉಪ್ಪುನೀರಿನ ಮೇಲೆ ಪುಟ್ಟ ಚೌಕಗಳು ತೇಲುತ್ತವೆ. ನಡುವೆ ಕುಳಿ, ಅಂಚು ಎತ್ತರ. ಬೆರಳಲ್ಲಿ ಮುಟ್ಟಿದರೆ ಮುಳುಗಿಬಿಡುತ್ತವೆ. ರಾಶಿಯಿಂದ ದೊಡ್ಡ ಹರಳು ಆರಿಸಿ ಕಲ್ಲಿನಲ್ಲಿ ಜಜ್ಜಿದರೆ ಚೂರಿಗೂ ಚೌಕ ಮೂಲೆ. ಆ ಚೂರನ್ನು ಮತ್ತೆ ಜಜ್ಜಿದರೆ ಮತ್ತೂ ಚೌಕ. ಯಾಕೆ ದುಂಡಗೆ ಒಡೆಯುವುದಿಲ್ಲ ಅಂತ ಆಗ ಕೇಳಿದ್ದೆ, ಯಾರೂ ಹೇಳಿರಲಿಲ್ಲ. ಪಟಿಕ ಒಡೆದರೆ ಹೀಗೆ ಆಗುವುದಿಲ್ಲ, ಗಾಜಿನ ಹಾಗೆ ಚಿಪ್ಪಿನ ಆಕಾರದಲ್ಲಿ ಒಡೆಯುತ್ತದೆ. ಅದೂ ಅಯಾನಿಕ ತಾನೆ?

ಕೆಮಿಸ್ಟ್ರಿ ಉಪನ್ಯಾಸಕ

ಹೌದಮ್ಮ, ಪಟಿಕವೂ ಅಯಾನಿಕವೇ. ಉಪ್ಪಿನ ಚೌಕ ಮುಖದ ಮೇಲೆ ಧನ ಎಷ್ಟೋ ಋಣವೂ ಅಷ್ಟೇ. ಅಲ್ಲಿ ಸೀಳಿದರೆ ಎರಡೂ ಹೋಳಿನ ಮುಖ ವಿದ್ಯುತ್ ಲೆಕ್ಕದಲ್ಲಿ ಸೊನ್ನೆ. ಸೀಳಲು ಅತಿ ಕಮ್ಮಿ ಶಕ್ತಿ ಸಾಕಾಗುವುದು ಆ ಮುಖದಲ್ಲೇ, ಅದಕ್ಕೇ ಬಿರುಕು ಅದೇ ದಾರಿ ಹಿಡಿಯುತ್ತದೆ. ಮೂಲೆ ಕತ್ತರಿಸಿದಂತೆ ಸೀಳಿದರೆ ಒಂದು ಮುಖ ಬರೀ ಸೋಡಿಯಂ, ಇನ್ನೊಂದು ಬರೀ ಕ್ಲೋರೈಡ್ ಆಗಬೇಕಾಗುತ್ತದೆ, ಅದು ತುಂಬ ದುಬಾರಿ. ಪಟಿಕದಲ್ಲಿ ಪೊಟ್ಯಾಸಿಯಂ, ಅಲ್ಯೂಮಿನಿಯಂ, ಸಲ್ಫೇಟ್, ಜೊತೆಗೆ ಹನ್ನೆರಡು ನೀರಿನ ಅಣು. ಇಷ್ಟೆಲ್ಲ ಹೆಣೆದುಕೊಂಡಿರುವ ಕಡೆ ಉಳಿದೆಲ್ಲಕ್ಕಿಂತ ಸುಲಭವಾದ ಒಂದು ಸಪಾಟು ದಾರಿ ಸಿಗುವುದಿಲ್ಲ. ಬಿರುಕು ತನಗೆ ತೋಚಿದ ಕಡೆ ಡೊಂಕಾಗಿ ಹೋಗುತ್ತದೆ.

ಔಷಧ ಕಂಪನಿ ಕ್ಯೂಸಿ ಲ್ಯಾಬ್, ಬೆಂಗಳೂರು

ಈ ಚರ್ಚೆ ಓದಿ ಮೈ ಜುಮ್ಮೆಂದಿತು. ದಿನಾ ಮಾಡುವ ಕೆಲಸದ ಅರ್ಥ ಇವತ್ತು ಗೊತ್ತಾಯಿತು.

ನಾವು ಐಆರ್ (ಅತಿಗೆಂಪು ಕಿರಣದ) ಪರೀಕ್ಷೆಗೆ ಪೊಟ್ಯಾಸಿಯಂ ಬ್ರೋಮೈಡ್ ಬಿಲ್ಲೆ ಮಾಡುತ್ತೇವೆ. ಒಂದೆರಡು ಮಿಲಿಗ್ರಾಂ ಔಷಧವನ್ನು ಇನ್ನೂರು ಮಿಲಿಗ್ರಾಂ ಬ್ರೋಮೈಡ್ ಪುಡಿ ಜೊತೆ ಖಲ್ಲಿನಲ್ಲಿ ಅರೆದು, 13 ಮಿಲಿಮೀಟರ್ ಅಚ್ಚಿಗೆ ಹಾಕಿ, ಕೈಪ್ರೆಸ್ಸಿನಲ್ಲಿ ಎಂಟು ಹತ್ತು ಟನ್ ಒತ್ತುತ್ತೇವೆ. ಒಂದೆರಡು ನಿಮಿಷ ಬಿಟ್ಟು ತೆಗೆದರೆ ಹಿಟ್ಟಿನ ಹಾಗಿದ್ದ ಪುಡಿ ಗಾಜಿನಂತೆ ಪಾರದರ್ಶಕ ಬಿಲ್ಲೆ ಆಗಿರುತ್ತದೆ. ಅದರ ಕೆಳಗೆ ಪೇಪರ್ ಇಟ್ಟು ಅಕ್ಷರ ಓದಬಹುದು. ಬಿಸಿ ಮಾಡುವುದೇ ಇಲ್ಲ. ಬ್ರೋಮೈಡ್ ಕರಗುವುದು 734 ಡಿಗ್ರಿಗೆ. ಅಂದರೆ ಅದು ಘನವಾಗಿದ್ದೇ ಹರಿದು, ಸಂದುಗೊಂದು ತುಂಬಿಕೊಂಡಿದೆ. ಅದೇ ಬಿಲ್ಲೆಯನ್ನು ಹೊರಗೆ ತೆಗೆದು ಎರಡು ಬೆರಳಲ್ಲಿ ಸ್ವಲ್ಪ ಬಗ್ಗಿಸಿದರೆ ಟಿಕ್ ಅಂತ ಮುರಿಯುತ್ತದೆ!

ಮಾತ್ರೆ ಒತ್ತುವ ವಿಭಾಗದವರೂ ಹೇಳುತ್ತಾರೆ, ಅಡುಗೆ ಉಪ್ಪು ಅಚ್ಚಿನೊಳಗೆ ಮೆತ್ತಗೆ ಒತ್ತಿಕೊಳ್ಳುವ ಜಾತಿ, ಡೈಕ್ಯಾಲ್ಸಿಯಂ ಫಾಸ್ಫೇಟ್ ಚೂರಾಗುವ ಜಾತಿ ಅಂತ. ಎರಡೂ ಅಯಾನಿಕವೇ.

ಲೋಹಶಾಸ್ತ್ರ ಓದಿದವನು

ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಚ್ಚಿನೊಳಗೆ ಸುತ್ತ ಉಕ್ಕು, ಮೇಲೆ ಕೆಳಗೆ ಒತ್ತಡ. ಬಿರುಕು ತೆರೆದುಕೊಳ್ಳಬೇಕಾದರೆ ಎರಡು ಕಡೆ ದೂರ ಸರಿಯಲು ಜಾಗ ಬೇಕು, ಅಲ್ಲಿ ಜಾಗವೇ ಇಲ್ಲ. ಹಾಗಾಗಿ ಜಾರುವುದೊಂದೇ ಉಳಿಯುವ ದಾರಿ. ಸುಲಭದ ದಾರಿಗಳು ಮುಗಿದ ಮೇಲೆ, ಅಷ್ಟು ಒತ್ತಡದಲ್ಲಿ ಕಷ್ಟದ ದಾರಿಗಳೂ ತೆರೆಯುತ್ತವೆ. ಹೊರಗೆ ತೆಗೆದು ಬಗ್ಗಿಸಿದಾಗ ಬಿಲ್ಲೆಯ ಒಂದು ಮುಖಕ್ಕೆ ಎಳೆತ ಬೀಳುತ್ತದೆ, ಬಿರುಕು ತೆರೆಯುತ್ತದೆ. 1911ರಲ್ಲಿ ಫಾನ್ ಕಾರ್ಮಾನ್ ಇಟಲಿಯ ಅಮೃತಶಿಲೆಯನ್ನು ಸುತ್ತಲಿಂದ ಒತ್ತಿ ಹಿಡಿದು ಇದನ್ನೇ ತೋರಿಸಿದ್ದರು. ಸುತ್ತ ಒತ್ತಡ ಇಲ್ಲದಿದ್ದರೆ ಚೂರಾಗುವ ಕಲ್ಲು, ಒತ್ತಡದಲ್ಲಿ ಪೀಪಾಯಿಯ ಹಾಗೆ ಊದಿಕೊಂಡು ಒಡೆಯದೆ ನಿಂತಿತು.

ಭೂವಿಜ್ಞಾನದವಳು

ಒತ್ತಡದ ಮಾತು ಬಂದಿದ್ದರಿಂದ ನಾನೂ ಬರೆಯುತ್ತೇನೆ. ನಮ್ಮ ವಿಷಯದಲ್ಲಿ ಉಪ್ಪು ಅಂದರೆ ಹರಿಯುವ ಬಂಡೆ. ನೆಲದಾಳದಲ್ಲಿ ಉಪ್ಪಿನ ಪದರ ಇದ್ದರೆ, ಮೇಲಿನ ಭಾರಕ್ಕೆ ಅದು ಲಕ್ಷಾಂತರ ವರ್ಷಗಳಲ್ಲಿ ಹಿಸುಕಿಕೊಂಡು ಮೇಲೆ ಏರಿ ಗುಮ್ಮಟ ಆಗುತ್ತದೆ. ಇರಾನಿನ ಜಾಗ್ರೋಸ್ ಬೆಟ್ಟಗಳಲ್ಲಿ ಉಪ್ಪು ನೆಲ ಸೀಳಿ ಹೊರಬಂದು, ಹಿಮನದಿಯ ಹಾಗೆ ಇಳಿಜಾರಿನಲ್ಲಿ ಹರಿದಿದೆ.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸುಮಾರು 655 ಮೀಟರ್ ಆಳದಲ್ಲಿ, 25 ಕೋಟಿ ವರ್ಷ ಹಳೆಯ ಉಪ್ಪಿನ ಪದರದೊಳಗೆ ಕೋಣೆಗಳನ್ನು ಕೊರೆದು ವಿಕಿರಣ ಕಸ ಇಡುತ್ತಾರೆ. 1999ರಿಂದ ನಡೆಯುತ್ತಿದೆ. ಉಪ್ಪನ್ನೇ ಆರಿಸಿದ್ದಕ್ಕೆ ಒಂದು ಕಾರಣ ಇದು: ಕೊರೆದ ಕೋಣೆಯ ಗೋಡೆ, ಛಾವಣಿ ವರ್ಷ ಕಳೆದಂತೆ ತಾವಾಗಿ ಒಳಗೆ ಸರಿಯುತ್ತವೆ. ಕೊನೆಗೆ ಉಪ್ಪು ಕಸವನ್ನು ಸುತ್ತುವರಿದು ಮುಚ್ಚಿಕೊಳ್ಳುತ್ತದೆ, ಬಿರುಕಿದ್ದರೂ ಬೆಸೆದುಕೊಳ್ಳುತ್ತದೆ.

ಮೇಡಂ, ನಿಮ್ಮ ಕ್ಲಾಸಿನ ಮಕ್ಕಳು ಸುತ್ತಿಗೆ ಏಟಿಗೆ ಪುಡಿಯಾದ ಉಪ್ಪನ್ನು ನೋಡಿದ್ದಾರೆ. ಏಟು ಕ್ಷಣದಲ್ಲಿ ಮುಗಿಯುತ್ತದೆ. ಒತ್ತಡ, ಬಿಸಿ, ಚೂರು ತೇವ, ಅದಕ್ಕಿಂತ ಮುಖ್ಯವಾಗಿ ಸಮಯ ಕೊಟ್ಟರೆ ಅದೇ ಉಪ್ಪು ಬೆಟ್ಟ ಇಳಿದು ಹರಿಯುತ್ತದೆ.

ಪಿಯು ವಿದ್ಯಾರ್ಥಿ, ತುಮಕೂರು

ಹಾಗಾದರೆ ಕೋಣೆಯ ಉಷ್ಣತೆಯಲ್ಲಿ, ಯಾವ ಅಚ್ಚೂ ಇಲ್ಲದೆ, ತಗಡಿನ ಹಾಗೆ ಬಡಿಯಬಹುದಾದ ಅಯಾನಿಕ ವಸ್ತು ಒಂದಾದರೂ ಇದೆಯಾ?

ಕೆಮಿಸ್ಟ್ರಿ ಉಪನ್ಯಾಸಕ

ಇದೆಯಪ್ಪ, ಸಿಲ್ವರ್ ಕ್ಲೋರೈಡ್. ಲ್ಯಾಬಿನಲ್ಲಿ ಕ್ಲೋರೈಡ್ ಪರೀಕ್ಷೆ ಮಾಡುವಾಗ ಮೊಸರಿನಂತೆ ಬೀಳುವ ಬಿಳಿ ಒತ್ತರ ಅದೇ. ಅದನ್ನು 455 ಡಿಗ್ರಿಯಲ್ಲಿ ಕರಗಿಸಿ ಆರಿಸಿದರೆ ಸಿಗುವ ಗಟ್ಟಿಯನ್ನು ಉರುಳೆಯಲ್ಲಿ ತೆಳು ಹಾಳೆ ಮಾಡಬಹುದು. ಗಣಿಯಲ್ಲಿ ಸಿಗುವ ಅದರ ಖನಿಜವನ್ನು ಚಾಕುವಿನಲ್ಲಿ ಕೊಂಬಿನ ಹಾಗೆ ಹೆರೆಯಬಹುದು. ಅದರ ಜೋಡಣೆಯೂ ಅಡುಗೆ ಉಪ್ಪಿನದೇ. ಆದರೆ ಬೆಳ್ಳಿ ಅಯಾನು ಸೋಡಿಯಂನ ಹಾಗೆ ಬಿಗಿ ಗುಂಡಲ್ಲ, ಅದರ ಎಲೆಕ್ಟ್ರಾನು ಮೋಡ ಸುಲಭವಾಗಿ ಆಕಾರ ಬದಲಿಸುತ್ತದೆ. ಬಂಧದಲ್ಲಿ ಸ್ವಲ್ಪ ಹಂಚಿಕೆಯೂ ಇದೆ. ಹಾಗಾಗಿ ಅಲ್ಲಿ ಜಾರಲು ಬೇಕಾದಷ್ಟು ದಾರಿ.

ಜಪಾನಿನಲ್ಲಿರುವ ಕನ್ನಡಿಗ

ಇಲ್ಲಿನ ನಗೋಯಾ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜಿಂಕ್ ಸಲ್ಫೈಡ್ ಹರಳು, ಅರ್ಧ ಅಯಾನಿಕ ಅನ್ನಬಹುದು. ಬೆಳಕಿನಲ್ಲಿ ಒತ್ತಿದರೆ ಬೇಗ ಒಡೆಯಿತು. ಪೂರ್ತಿ ಕತ್ತಲೆಯಲ್ಲಿ ಒತ್ತಿದರೆ 45 ಶೇಕಡಾದಷ್ಟು ಆಕಾರ ಬದಲಾದರೂ ಒಡೆಯಲಿಲ್ಲ. ಬೆಳಕು ಬಿದ್ದಾಗ ಬಿಡುಗಡೆಯಾಗುವ ಎಲೆಕ್ಟ್ರಾನುಗಳು ಹೋಗಿ ಮೇಲೆ ಹೇಳಿದ ಆ ಡಿಸ್‌ಲೊಕೇಶನ್ ಸುಕ್ಕುಗಳಿಗೆ ಅಂಟಿಕೊಂಡು ಅವುಗಳ ಓಡಾಟ ತಡೆಯುತ್ತವೆ. ಲೈಟ್ ಆರಿಸಿದರೆ ಹರಳು ಮೆತ್ತಗಾಗುತ್ತದೆ ಅನ್ನುವುದನ್ನು ಮೊದಲ ಸಲ ಓದಿದಾಗ ನಾನು ಎರಡು ಸಲ ಓದಿದ್ದೆ.

ಔಷಧ ಕಂಪನಿ ಕ್ಯೂಸಿ ಲ್ಯಾಬ್, ಬೆಂಗಳೂರು

ಮೇಡಂ, ಒಂದು ವಿಷಯ. ನಮ್ಮಲ್ಲಿ ಐಆರ್‌ಗೆ ಬಳಸುವ ಸೋಡಿಯಂ ಕ್ಲೋರೈಡ್ ಕಿಟಕಿ ಬಿಲ್ಲೆಗಳು ಮಳೆಗಾಲದಲ್ಲಿ ಮಂಜಾಗಿ ಹಾಳಾಗುತ್ತವೆ. ಅವು ಒಂದೇ ಹರಳಿನಿಂದ ಕತ್ತರಿಸಿದವು, ಒಳಗೆ ಶುದ್ಧ. ಎಸೆಯಲು ಇಟ್ಟಿದ್ದ ಎರಡು ಇವೆ. ಮ್ಯಾನೇಜರ್ ಒಪ್ಪಿದ್ದಾರೆ. ಯೋಫೆ ಪ್ರಯೋಗಕ್ಕೆ ನಿಮ್ಮ ಶಾಲೆಗೆ ಕಳುಹಿಸಲಾ?

ಹೈಸ್ಕೂಲ್ ವಿಜ್ಞಾನ ಶಿಕ್ಷಕಿ

ಕಳುಹಿಸಿ ಸರ್, ದಯವಿಟ್ಟು.

ಹೈಸ್ಕೂಲ್ ವಿಜ್ಞಾನ ಶಿಕ್ಷಕಿ

ಒಂಬತ್ತು ದಿನದ ನಂತರ ಬರೆಯುತ್ತಿದ್ದೇನೆ. ಎಲ್ಲವನ್ನೂ ಮಾಡಿದೆವು.

ಮೊದಲ ದಿನ ಬೀಜ, ಕಾಳು. ನಾಲ್ಕು ಗುಂಪು ಮಾಡಿ ನಾಲ್ಕು ಮೇಜಿನ ಮೇಲೆ ಜೋಡಿಸಲು ಕೊಟ್ಟೆ. ಓರೆ ಸಾಲು ನಾನು ತೋರಿಸಲಿಲ್ಲ. "ಎದುರುಬದುರು ಒಂದೇ ಜಾತಿ ಬರದ ಹಾಗೆ ಜರುಗಿಸುವ ದಾರಿ ಇದೆ, ಹುಡುಕಿ" ಅಂದೆ ಅಷ್ಟೇ. ಕಿಟಕಿ ಪಕ್ಕದ ಗುಂಪಿನ ಹುಡುಗಿ ಮೇಜಿನ ಮೂಲೆಗೆ ಬಂದು ಬಗ್ಗಿ ನೋಡಿ "ಇಲ್ಲಿಂದ!" ಅಂತ ಕೂಗಿದಳು. ಪ್ರಶ್ನೆ ಕೇಳಿದ ಹುಡುಗ ಓಡಿಹೋಗಿ ನೋಡಿದ. ಸೀಮೆಸುಣ್ಣ ಒಂದು ಡಬ್ಬಿ ಪೂರ್ತಿ ತಿರುಚಿ ಮುರಿದರು. ಓರೆ ಮುರಿದ ತುದಿಗಳನ್ನು ಕೋನಮಾಪಕ ಇಟ್ಟು ಅಳೆದರು.

ನಿನ್ನೆ ಉಪ್ಪಿನ ಬಿಲ್ಲೆ. ಒಂದನ್ನು ಬ್ಲೇಡ್ ಇಟ್ಟು ಮೆಲ್ಲಗೆ ತಟ್ಟಿ ಕಡ್ಡಿ ಸೀಳಿದೆವು. ಕಣ್ಣಿಗೆ ಕನ್ನಡಕ ಹಾಕಿಸಿದ್ದೆ. ಎರಡು ಸೆಂಟಿಮೀಟರ್ ಉದ್ದ, ಬೆಂಕಿಕಡ್ಡಿಗಿಂತ ತೆಳು. ಸೀಳಿದ ಮುಖ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಣಗಿದ ಕಡ್ಡಿ ಬಗ್ಗಿಸಿದರೆ ತಕ್ಷಣ ಮುರಿಯಿತು. ಬಿಸಿನೀರಿನ ಬೋಗುಣಿಯಲ್ಲಿ ಮೊದಲ ಮೂರು ಕಡ್ಡಿಯೂ ಮುರಿದವು, ನಾವು ಅವಸರ ಮಾಡಿದ್ದೆವು. ನಾಲ್ಕನೆಯದನ್ನು ಆ ಹುಡುಗನ ಕೈಗೆ ಕೊಟ್ಟೆ. ಅವನು ಎರಡು ಕೈಯ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ನೀರೊಳಗೇ, ಉಸಿರು ಬಿಗಿಹಿಡಿದು ಒತ್ತಿದ. ಕಡ್ಡಿ ಕರಗಿ ತೆಳ್ಳಗಾಗುತ್ತಲೇ ಇತ್ತು. ಬಿಲ್ಲಿನ ಹಾಗೆ ಬಾಗಿತು. ಹೊರಗೆ ತೆಗೆದು ಹತ್ತಿ ಬಟ್ಟೆಯ ಮೇಲೆ ಇಟ್ಟ, ಬಾಗಿದ್ದು ಬಾಗಿದ ಹಾಗೆಯೇ ಉಳಿಯಿತು.

ಅದನ್ನು ಹತ್ತಿಯಲ್ಲಿ ಸುತ್ತಿ, ಚಿಕ್ಕ ಡಬ್ಬಿಗೆ ಹಾಕಿ, ತೇವ ಆಗದಂತೆ ಸಿಲಿಕಾ ಪೊಟ್ಟಣ ಜೊತೆಗಿಟ್ಟು ಲ್ಯಾಬಿನ ಕಪಾಟಿನಲ್ಲಿ ಇಟ್ಟಿದ್ದೇವೆ. ಇವತ್ತು ಬೆಳಿಗ್ಗೆ ಪ್ರಾರ್ಥನೆಗೂ ಮೊದಲು ಬಂದು ತೆಗೆದು ನೋಡಿದನಂತೆ. ಕ್ಲಾಸಿನಲ್ಲಿ ಕೈ ಎತ್ತಿ ಕೇಳಿದ: "ಮೇಡಂ, ಈಗ ಅದನ್ನು ಒಣಗಿದಾಗಲೇ ವಾಪಸ್ ನೆಟ್ಟಗೆ ಮಾಡಿದರೆ ಮುರಿಯುತ್ತಾ?"

ಎರಡನೇ ಬಿಲ್ಲೆ ಇನ್ನೂ ಇದೆ. ಸೋಮವಾರ ಮಾಡಿ ನೋಡುತ್ತೇವೆ.